ಬೀದಿ ಕೊನೆಯ ಗೊಂಬೆಗೂಡು

ನಮ್ಮ ಮನೆ ಬೀದಿಯ ಕೊನೆಯಲ್ಲಿದೆ. ಬೇರೆ ಊರಿನಲ್ಲಾದರೆ ಗಾಳಿ ಬೆಳಕು ಚೆನ್ನಾಗಿದೆ, ಗಲಾಟೆ ಇಲ್ಲ ಎಂದು ಮೆಚ್ಚುತ್ತಾರೆ. ನಮ್ಮೂರಿನಲ್ಲಿ ಬೀದಿ ಕೊನೆಯ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ನನ್ನ ಅಪ್ಪನೂ ನೋಡಿದ್ದರು. ಹುಡುಗ ಒಳ್ಳೆಯವನು, ಮಿಕ್ಸಿ ಫ್ಯಾನು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ, ಕುಡಿಯುವುದಿಲ್ಲ, ಎಲ್ಲ ಸರಿ, ಆದರೆ ನಾಳೆ ಮಗು ಅಂತಾದಾಗ ಆ ಮನೆಯ ಮುಂದೆ ಯಾರು ಹಾದುಹೋಗುತ್ತಾರೆ ಎಂದು ಕೇಳಿದ್ದರು. ಆಗ ನಮ್ಮ ಮನೆಯಿಂದ ಆಚೆಗೆ ಒಂದು ಹಿಟ್ಟಿನ ಗಿರಣಿ ಇತ್ತು. ರಾಗಿ, ಗೋಧಿ ಹೊತ್ತುಕೊಂಡು ಊರೆಲ್ಲ ಅಲ್ಲಿಗೆ ಬರುತ್ತಿತ್ತು. ಅದನ್ನು ತೋರಿಸಿಯೇ ನನ್ನ ಮಾವ ಮದುವೆ ಕುದುರಿಸಿದರು. ಮಗಳು ಕೌಮುದಿ ಹುಟ್ಟಿ ನಾಲ್ಕು ವರ್ಷವಾಗುವ ಹೊತ್ತಿಗೆ ಗಿರಣಿ ಮುಚ್ಚಿತು. ಅಂದಿನಿಂದ ಹೊತ್ತು ಇಳಿದರೆ ನಾನು ಬೀದಿಯನ್ನೇ ನೋಡುತ್ತ ಕೂರುತ್ತಿದ್ದೆ.

ನಮ್ಮಲ್ಲಿ ಪ್ರತಿ ಮನೆಯ ಮುಂಗೋಡೆಯಲ್ಲೂ ಗೂಡು ಇರುತ್ತದೆ. ಹೆಸರಿಟ್ಟ ದಿನ ಮಗುವಿನ ಗೊಂಬೆಯನ್ನು ಆ ಗೂಡಿನಲ್ಲಿಡುತ್ತಾರೆ. ಮಗುವಿಗೆ ಹದಿನಾರು ತುಂಬುವವರೆಗೆ ಅದು ಅಲ್ಲಿಂದ ಕದಲುವಂತಿಲ್ಲ. ದಿನಕ್ಕೊಮ್ಮೆ, ಹೊತ್ತು ಮುಳುಗುವುದರೊಳಗೆ, ಮನೆಯವರಲ್ಲದ ಯಾರಾದರೂ ಅದನ್ನು ನೋಡಬೇಕು. ನೋಡಿದವರು ‘ಕಂಡೆ’ ಎಂದು ಹೇಳಿ ಮುಂದೆ ಹೋಗುತ್ತಾರೆ. ಕೇಳಿ ಪಡೆದ ನೋಟ ನಡೆಯುವುದಿಲ್ಲ. ಬನ್ನಿ, ನೋಡಿ ಎಂದು ಬಾಯಿಬಿಟ್ಟು ಕರೆದರೆ ಆ ದಿನದ ಮಟ್ಟಿಗೆ ಆ ಕಣ್ಣು ಕುರುಡಾದಂತೆಯೇ. ಗೊಂಬೆಯನ್ನು ಎತ್ತಿಕೊಂಡು ಹೋಗಿ ತೋರಿಸುವುದೂ ಕೇಳಿದಂತೆಯೇ.

ಆದ್ದರಿಂದ ನಮ್ಮೂರಿನ ಹೆಂಗಸರಷ್ಟು ಸುತ್ತಿ ಬಳಸಿ ಮಾತಾಡುವವರು ಎಲ್ಲೂ ಸಿಗಲಿಕ್ಕಿಲ್ಲ. ಗೂಡಿನ ಪಕ್ಕದಲ್ಲೇ ದಾಸವಾಳ ಬೆಳೆಸಿ, ಹೂವು ಕಿತ್ತುಕೊಳ್ಳಿ ಎನ್ನುತ್ತೇವೆ. ಗೂಡಿನ ಕೆಳಗೇ ಕಟ್ಟೆ ಕಟ್ಟಿಸಿ, ಸುಸ್ತಾದವರು ಕೂತು ಹೋಗಲಿ ಎನ್ನುತ್ತೇವೆ. ನಾನು ವಾರಕ್ಕೆ ಮೂರು ಸಲ ಬಾಗಿಲಲ್ಲೇ ಒಲೆ ಹೂಡಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದೆ. ವಾಸನೆ ಹಿಡಿದು ಬಂದವರು ತಿನ್ನುತ್ತ ತಲೆಯೆತ್ತಿದರೆ ನನ್ನ ಮಗಳ ಆಮೆ ಕಾಣುತ್ತಿತ್ತು. ಅದು ಕೆಂಪು ಹಳದಿ ಅರಗಿನ ಬಣ್ಣದ ಮರದ ಆಮೆ, ಕೆಳಗೆ ನಾಲ್ಕು ಚಕ್ರ. ಒಂದು ಚಕ್ರ ಮುರಿದಾಗ ನನ್ನ ಗಂಡ ಶಿವಲಿಂಗು ಹಳೇ ಮಿಕ್ಸಿಯ ತಿರುಗಿಸುವ ಗುಂಡಿಯನ್ನೇ ಚಕ್ರ ಮಾಡಿ ಕೂರಿಸಿದ್ದರು.

ಯಾರೂ ನೋಡದೆ ಹೋದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಬೀದಿಯಲ್ಲೇ ಮಹಾಂತು ಇದ್ದ. ಯಾವುದೋ ಚುನಾವಣೆಯ ಫಲಿತಾಂಶದ ದಿನ ಊರಿಗೆ ಊರೇ ಮೆರವಣಿಗೆಯ ಹಿಂದೆ ಹೋಗಿತ್ತು. ಅವನ ತಾಯಿ ನೀಲಮ್ಮ ಬಾಗಿಲಲ್ಲಿ ಕೂತು ಕಾದದ್ದೇ ಬಂತು. ಮರುದಿನ ಬೆಳಿಗ್ಗೆ ಮಹಾಂತು ಎದ್ದು, ಮಂಚದ ಅಂಚಿನಲ್ಲಿ ಮೈ ಹಿಡಿ ಮಾಡಿಕೊಂಡು ಕೂತು, ಬಸ್ ಸ್ಟ್ಯಾಂಡ್ ಯಾವ ಕಡೆಗಾಗುತ್ತದೆ ಎಂದು ಹೆತ್ತ ತಾಯಿಯನ್ನು ಕೇಳಿದ. ಆಗ ಅವನಿಗೆ ಆರು ವರ್ಷ. ಈಗ ಮೀಸೆ ಬಂದಿದೆ, ಅದೇ ಮನೆಯಲ್ಲಿದ್ದಾನೆ, ಒಳ್ಳೆಯ ಹುಡುಗ. ಊಟ ಮಾಡಿ ತಟ್ಟೆ ತೊಳೆದಿಟ್ಟು, “ತುಂಬಾ ಉಪಕಾರ ಆಯ್ತಮ್ಮಾವ್ರೇ” ಎಂದು ನೀಲಮ್ಮನಿಗೆ ಕೈ ಮುಗಿಯುತ್ತಾನೆ. ಇಷ್ಟು ವರ್ಷವಾದರೂ ಪ್ರತಿ ಸಲವೂ ನೀಲಮ್ಮ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಗಿರಣಿ ಮುಚ್ಚಿದ ಮೇಲೆ ಪ್ರತಿ ಸಂಜೆಯೂ ನನಗೆ ನೀಲಮ್ಮನ ಮುಖವೇ ಕಣ್ಣಿಗೆ ಬರುತ್ತಿತ್ತು. ಬಜ್ಜಿಗೂ ಜನ ಕಡಿಮೆಯಾದರು; ಎಣ್ಣೆ ಪದಾರ್ಥ ಬೇಡ ಎಂದು ಡಾಕ್ಟರು ಹೇಳಿದ್ದಾರಂತೆ. ಮದುವೆಗೆ ಮುಂಚೆ ನಾನು ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಲಗ್ನಪತ್ರಿಕೆ ಡಿಸೈನ್ ಮಾಡುತ್ತಿದ್ದೆ. ಅಂಗಡಿಗೆ ವೆಬ್‌ಸೈಟ್ ಬೇಕೆಂದಾಗ ಅದನ್ನೂ ಕಲಿತು ಮಾಡಿಕೊಟ್ಟಿದ್ದೆ. ಜನ ಗೂಡಿನ ಬಳಿಗೆ ಬರದಿದ್ದರೆ ಗೂಡನ್ನೇ ಜನರ ಕೈಗೆ ಕೊಟ್ಟರಾಯಿತಲ್ಲ ಎಂದು ನನಗೆ ಹೊಳೆದದ್ದು ಹಾಗೆ. ಹಳೆಯ ಕಂಪ್ಯೂಟರಿನ ಧೂಳು ಕೊಡವಿ ಕೂತೆ. ಗಂಡ ಗೂಡಿನೆದುರು ಒಂದು ಪುಟ್ಟ ಕ್ಯಾಮೆರಾ ಕಟ್ಟಿಕೊಟ್ಟರು; ಅದರಲ್ಲಿ ಕಾಣುವ ಆಮೆ ಯಾರ ಫೋನಿನಲ್ಲಾದರೂ ಕಾಣುವಂತೆ ನಾನು ಒಂದು ವೆಬ್‌ಸೈಟ್ ಮಾಡಿದೆ.

ಮೊದಲು ಎಲ್ಲರೂ ನಕ್ಕರು. ಫೋನಿನಲ್ಲಿ ನೋಡಿದರೆ ನೋಡಿದಂತಾಗುತ್ತದೆಯೇ ಎಂಬ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ, ಪರೀಕ್ಷೆಗೆ ತಮ್ಮ ಮಗುವನ್ನು ಒಡ್ಡುವವರೂ ಇರಲಿಲ್ಲ. ಉತ್ತರ ತಾನಾಗಿ ಬಂತು. ಒಂದು ದಿನ ರಸ್ತೆಯ ಪೈಪು ಒಡೆದು ನಮ್ಮ ಬೀದಿಗೆ ಯಾರೂ ಕಾಲಿಡಲಾಗಲಿಲ್ಲ. ನನ್ನ ತವರಿನ ಕಡೆಯ ಒಬ್ಬ ಗೆಳತಿ ಮಾತ್ರ, ನಾನು ಕೇಳದಿದ್ದರೂ, ಫೋನಿನಲ್ಲಿ ಆಮೆಯನ್ನು ನೋಡಿದ್ದಳು. ಮರುದಿನ ನಾನು ಮಗಳ ಹಾಸಿಗೆಯ ಪಕ್ಕ ಬೆಳಕು ಹರಿಯುವ ಮೊದಲೇ ಹೋಗಿ ಕೂತಿದ್ದೆ. ಕೌಮುದಿ ಕಣ್ಣು ಬಿಟ್ಟು, “ಅಮ್ಮಾ, ಯಾಕೆ ಹಿಂಗೆ ದೆವ್ವದ ಥರ ಕೂತಿದೀಯಾ?” ಎಂದಳು. ಅವಳನ್ನು ತಬ್ಬಿಕೊಂಡು ನಾನು ಅತ್ತದ್ದನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ.

ಅದಾದ ಮೇಲೆ ಊರೇ ನಮ್ಮ ಮನೆ ಬಾಗಿಲಿಗೆ ಬಂತು. ಪ್ರತಿ ಗೂಡಿಗೂ ಕ್ಯಾಮೆರಾ ಬಂತು. ಊರಿನ ಗೊಂಬೆಗಳಿಗೆಲ್ಲ ಒಂದೊಂದು ಪುಟ ಮಾಡಿದೆ. ಯಾವ ಮರ, ಯಾವ ಬಣ್ಣ, ಯಾರು ಮಾಡಿದ್ದು, ಯಾವ ಮಗುವಿನದು, ಎಲ್ಲಿ ಕಿವಿ ಮುರಿದಿದೆ, ಎಲ್ಲಿ ಬಣ್ಣ ಹೋಗಿದೆ ಎಂದು ಒಂದೊಂದನ್ನೂ ಬರೆದೆ. ಕೆಳಗೆ ‘ಕಂಡೆ’ ಎಂದು ಒತ್ತಲು ಒಂದು ಗುಂಡಿ, ಪಕ್ಕದಲ್ಲಿ ಎರಡು ಮಾತು ಬರೆಯಲು ಜಾಗ. ಆ ದಿನ ಯಾರೂ ನೋಡದ ಗೊಂಬೆಗೆ ಕೆಂಪು ಗುರುತು ಹಾಕಬೇಕೆಂದಿದ್ದೆ. ಅದು ಕೇಳಿದಂತೆಯೇ ಎಂದು ಹಿರಿಯರು ಒಪ್ಪಲಿಲ್ಲ. ಹಾಗಾಗಿ ಒಂದೊಂದು ಗೊಂಬೆಯನ್ನು ಈವರೆಗೆ ಒಟ್ಟು ಎಷ್ಟು ಸಲ ನೋಡಿದ್ದಾರೆ ಎಂಬುದನ್ನಷ್ಟೇ ಎಲ್ಲರಿಗೂ ಕಾಣುವಂತೆ ಹಾಕಿದೆ. ಇವತ್ತಿನ ದಿನ ಯಾವ ಗೂಡು ಖಾಲಿ ಉಳಿದಿದೆ ಎಂಬುದು ನನ್ನ ಕಂಪ್ಯೂಟರಿನಲ್ಲಿ ಮಾತ್ರ ಗೊತ್ತಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೂ ಖಾಲಿ ಇರುವ ಗೂಡು ಕಂಡರೆ ನಾನೇ ನೋಡಿಬಿಡುತ್ತಿದ್ದೆ. ಅವರೇನೂ ಕೇಳಿದ್ದಲ್ಲವಲ್ಲ.

ಬೆಳಿಗ್ಗೆ ಕಾಫಿ ಕುಡಿಯುತ್ತ ಹತ್ತು ಗೂಡು ನೋಡುವುದು ಊರಿನವರಿಗೆ ಹಲ್ಲುಜ್ಜಿದಷ್ಟೇ ರೂಢಿಯಾಯಿತು. ಸಂಜೆಯ ತಿರುಗಾಟ ನಿಂತುಹೋಯಿತು. ದಾಸವಾಳಕ್ಕೆ ನೀರು ಹಾಕುವವರಿಲ್ಲದೆ ಒಣಗಿತು. ಯಾರಿಗೂ ಬೇಸರವಾದಂತೆ ಕಾಣಲಿಲ್ಲ, ನನಗಂತೂ ಆಗಲಿಲ್ಲ. ಬೀದಿಯ ಕೊನೆ ಎಂಬುದೇ ಇಲ್ಲದಂತಾಗಿತ್ತು.

ಹೊರಗಿನವರೂ ನೋಡಬಹುದು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನಾನು ಬೀಗ ಹಾಕಿರಲಿಲ್ಲ. ಇಷ್ಟೊಂದು ಮರದ ಗೊಂಬೆಗಳು ಒಂದೇ ಕಡೆ ಕಾಣುತ್ತವೆ ಎಂದು ಎಲ್ಲೆಲ್ಲಿಂದಲೋ ಜನ ಮೆಚ್ಚಿ ಬರೆಯುತ್ತಿದ್ದರು, ನನಗೆ ಹೆಮ್ಮೆಯೂ ಆಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ನೋಟ ಬರುತ್ತಿದ್ದುದು ನನ್ನ ಮಗಳ ಆಮೆಗೆ. ಅದರ ಕೆಳಗೆ ಹೆಸರು ಹಾಕದ ಯಾರೋ ಒಬ್ಬರು, “ಆಮೆ ಬಾರೀ ಚಂದ ಉಂಟು” ಎಂದು ಬರೆದಿದ್ದರು. ಕಡಲ ಕಡೆಯವರ ಮಾತು. ಧನ್ಯವಾದಗಳು, ಆಗಾಗ ಬರುತ್ತಿರಿ ಎಂದು ನಾನು ಉತ್ತರ ಬರೆದೆ.

ಕೌಮುದಿಯಲ್ಲಿ ಮೊದಲು ಬದಲಾದದ್ದು ಊಟ. ಸಾರಿಗೆ ಬೆಲ್ಲ ಸಾಲದು ಎಂದಳು. ಮಕ್ಕಳ ನಾಲಗೆ ಇವತ್ತಿದ್ದಂತೆ ನಾಳೆ ಇರುವುದಿಲ್ಲ ಎಂದುಕೊಂಡೆ. ಆಮೇಲೆ ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದು ಗೋಡೆಯ ಒಂದು ಜಾಗದಲ್ಲಿ ಕೈಯಾಡಿಸುತ್ತ ನಿಂತಳು. ಏನು ಹುಡುಕುತ್ತಿದ್ದೀಯೆ ಎಂದೆ. “ಇಲ್ಲಿ ಕನ್ನಡಿ ಇತ್ತಲ್ಲ” ಎಂದಳು. ಆ ಗೋಡೆಯಲ್ಲಿ ಎಂದೂ ಕನ್ನಡಿ ಇರಲಿಲ್ಲ. ಇನ್ನೊಂದು ದಿನ ಶಾಲೆಯಿಂದ ಬಂದವಳೇ ಚೀಲ ಕೆಳಗಿಟ್ಟು, “ಹಸಿವಾಗ್ತಾ ಉಂಟು. ತಿನ್ಲಿಕ್ಕೆ ಎಂತ ಉಂಟು?” ಎಂದಳು.

ಅವಳಿಗೆ ಆ ಮಾತು ಕಲಿಸುವವರು ನಮ್ಮ ಶಾಲೆಯಲ್ಲಿಲ್ಲ, ನಮ್ಮ ಬೀದಿಯಲ್ಲಿಲ್ಲ. ಕಂಪ್ಯೂಟರಿನ ಮುಂದೆ ಹೋಗಿ ಕೂತೆ. ಆಮೆಯ ಪುಟವನ್ನು ಯಾರು, ಎಲ್ಲಿಂದ, ಎಷ್ಟು ಹೊತ್ತು ನೋಡಿದ್ದಾರೆ ಎಂದು ಮೊದಲ ಸಲ ಬಿಡಿಸಿ ನೋಡಿದೆ. ಸಾವಿರಾರು ನೋಟಗಳಲ್ಲಿ ಮುಕ್ಕಾಲಕ್ಕೂ ಮಿಕ್ಕಿ ಬಂದದ್ದು ಒಂದೇ ಕಡೆಯಿಂದ, ಒಂದೇ ಫೋನಿನಿಂದ. ನೋಡಿ ಹೋಗುವುದಲ್ಲ; ಬೆಳಿಗ್ಗೆ ತೆರೆದರೆ ಬೆಳಕಿರುವವರೆಗೂ ಹಾಗೇ ತೆರೆದಿಟ್ಟು, ಮತ್ತೆ ಮತ್ತೆ ‘ಕಂಡೆ’ ಒತ್ತುತ್ತ ಕೂತಿರುವುದು. ನಾನು ನೋಡುತ್ತಿದ್ದ ಆ ಗಳಿಗೆಯಲ್ಲೂ ಆ ಕಣ್ಣು ಅಲ್ಲಿಯೇ ಇತ್ತು. ನನ್ನ ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿ ನೋಡಿದೆ.

ನಮ್ಮ ಮಕ್ಕಳು ನಮ್ಮವರಾಗಿ ಉಳಿಯುವುದು ಹಾದುಹೋಗುವ ಹತ್ತು ಜನರ ಕಣ್ಣಿನಿಂದ. ಒಬ್ಬೊಬ್ಬರದು ಒಂದು ಚಿಟಿಕೆ. ಯಾರೂ ನಿಂತು ನೋಡುವುದಿಲ್ಲ, ನಿಂತು ನೋಡುವಷ್ಟು ಪುರುಸೊತ್ತು ಯಾರಿಗಿದೆ? ಒಬ್ಬರೇ ಹೀಗೆ ದಿನವಿಡೀ ನೋಡಿದರೆ ಮಗು ಯಾರದಾಗುತ್ತದೆ ಎಂದು ನಮ್ಮೂರಿನಲ್ಲಿ ಯಾರೂ ಯೋಚಿಸಿರಲಿಲ್ಲ. ಈಗ ನಾನು ಯೋಚಿಸಿದೆ.

“ನೀವು ಯಾರು?” ಎಂದು ಆಮೆಯ ಕೆಳಗೆ ಬರೆದೆ. ಉತ್ತರ ಬರಲಿಲ್ಲ. “ದಯವಿಟ್ಟು ಹೇಳಿ, ಯಾಕೆ ಇದೊಂದನ್ನೇ ನೋಡುತ್ತೀರಿ?” ಎಂದು ಬರೆದೆ. ಮರುದಿನ ಒಂದು ಸಾಲು ಬಂತು. “ನಮ್ಮ ಮಗುವಿನ ಹತ್ರವೂ ಹೀಗಿದ್ದೇ ಇತ್ತು. ನೋಡಿದ್ರೆ ಮಗು ಕಂಡ ಹಾಗೆ ಆಗ್ತದೆ.”

ಅದನ್ನು ಓದಿ ಅಯ್ಯೋ ಪಾಪ ಎನಿಸಿತು. ಅವರ ಮಗು ಏನಾಯಿತೋ. ಆದರೆ ಆ ಪಾಪ ಎನ್ನುವುದರ ಬೆನ್ನಿಗೇ, ಆ ಹೆಂಗಸಿನ ಕಣ್ಣು ಹೋಗಲಿ ಎಂದೂ ಬಂತು. ಹೆಂಗಸೋ ಗಂಡಸೋ ನನಗೇನು ಗೊತ್ತು? ಆದರೂ ಹೆಂಗಸೇ ಎಂದು ನನ್ನ ಮನಸ್ಸು ತೀರ್ಮಾನಿಸಿತ್ತು.

ಗಂಡನಿಗೆ ಹೇಳಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. “ಬೀಗ ಹಾಕ್ಬಿಡು. ಊರಿನೋರು ಮಾತ್ರ ನೋಡೋ ಹಾಗೆ ಮಾಡು. ನಮ್ಮ ಜನ ಸಾಕು ನಮ್ಗೆ” ಎಂದರು. ನನಗೂ ಅದೇ ಸರಿಯೆನಿಸಿತು. ಊರಿನವರಿಗೆಲ್ಲ ಗುಪ್ತಪದ ಕಳಿಸಿ, ಮರುದಿನ ನಸುಕಿಗೇ ಬೀಗ ಹಾಕಿದೆ. ಹಾಕಿದೊಡನೆ ಆ ಕಣ್ಣು ಆರಿಹೋಯಿತು. ಎಷ್ಟೋ ದಿನದ ಮೇಲೆ ಹಾಡು ಗುನುಗುತ್ತ ದೋಸೆ ಹುಯ್ದೆ. ಕೌಮುದಿ ಎರಡು ದೋಸೆ ತಿಂದು, ಬೆಲ್ಲ ಕೇಳದೆ, ಶಾಲೆಗೆ ಹೋದಳು.

ಊಟ ಮುಗಿಸಿ, ಎಂದಿನಂತೆ ಖಾಲಿ ಗೂಡುಗಳನ್ನು ನೋಡೋಣವೆಂದು ಕಂಪ್ಯೂಟರ್ ಹಚ್ಚಿದೆ. ಊರಿಗೆಲ್ಲ ಒಂದೇ ಒಂದು ಗೂಡು ಖಾಲಿ ಇತ್ತು. ಅದು ನಮ್ಮದು.

ಲೆಕ್ಕ ತಪ್ಪಿರಬೇಕೆಂದು ಆರಿಸಿ ಮತ್ತೆ ಹಚ್ಚಿದೆ. ಹಿಂದಿನ ದಿನಗಳನ್ನು ತೆಗೆದು ನೋಡಿದೆ. ನಿನ್ನೆ, ಮೊನ್ನೆ, ಕಳೆದ ವಾರ, ಅದರ ಹಿಂದಿನ ವಾರ. ಹೊರಗಿನ ಒಂದಿಷ್ಟು ಗೊಂಬೆಪ್ರಿಯರು, ಉಳಿದದ್ದೆಲ್ಲ ಅವಳು. ಊರಿನ ಒಬ್ಬರಾದರೂ ನನ್ನ ಮಗಳ ಆಮೆಯನ್ನು ನೋಡದೆ ತಿಂಗಳುಗಳೇ ಆಗಿದ್ದವು. ನಾನು ಊರಿನ ಖಾಲಿ ಗೂಡುಗಳನ್ನೆಲ್ಲ ತುಂಬುತ್ತ ಕೂತಿದ್ದ ಅಷ್ಟೂ ದಿನ ತಪ್ಪದೆ ನೋಡಿ ನನ್ನ ಮಗಳನ್ನು ಉಳಿಸಿದ್ದವಳು ಅವಳೊಬ್ಬಳೇ.

ಕೇಳುವಂತಿಲ್ಲ. ನಾನು ಹಿಂದಿನ ದಿನ ಕರಿದಿಟ್ಟಿದ್ದ ಚಕ್ಕುಲಿ ಡಬ್ಬಿ ಕೈಗೆತ್ತಿಕೊಂಡು ಹೊರಟೆ. ನಮ್ಮ ಪಕ್ಕದ ಎರಡು ಮನೆಗಳಿಗೆ ಬೀಗ ಬಿದ್ದು ಬಹಳ ಕಾಲವಾಗಿದೆ. ಆಮೇಲಿನದು ತೋಟಪ್ಪನವರ ಮನೆ. ರಿಟೈರಾದ ಬಸ್ ಕಂಡಕ್ಟರು, ಒಂದು ಕಾಲದಲ್ಲಿ ಪ್ರತಿ ಸಂಜೆ ನಮ್ಮ ಗೂಡಿನವರೆಗೆ ನಡೆದು ಬಂದು, ಟಿಕೆಟ್ ಹರಿದುಕೊಡುವ ದನಿಯಲ್ಲೇ ‘ಕಂಡೆ’ ಎನ್ನುತ್ತಿದ್ದವರು. ಜಗುಲಿಯ ಮೇಲೆ ಕಾಲು ನೀಡಿ ಕೂತಿದ್ದರು.

“ಚಕ್ಕುಲಿ ಮಾಡಿದೀನಿ ಅಣ್ಣ. ಇವತ್ತು ನಮ್ಮ ಕಟ್ಟೆ ಮೇಲೆ ಒಳ್ಳೇ ಗಾಳಿ. ಬನ್ನಿ, ಕೂತ್ಕೊಂಡು ಕಾಫಿ ಕುಡಿಯೋರಂತೆ” ಎಂದೆ.

“ಡಬ್ಬಿ ತಂದೇ ಬಿಟ್ಟಿದೀಯಲ್ಲವ್ವ, ಇಲ್ಲೇ ಕೊಡು. ಮಂಡಿ ನೋವು, ಅಷ್ಟು ದೂರ ಎಲ್ಲಿ ಬರ್ಲಿ?” ಎಂದು ಒಂದು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡರು. ಮುಖದಲ್ಲಿ ಪ್ರೀತಿಯಿತ್ತು. “ನೀನು ಮಾಡಿದ್ದು ದೊಡ್ಡ ಉಪಕಾರ ಕಣಮ್ಮ. ನಾನಂತೂ ದಿನಾ ಹತ್ತು ಗೂಡು ತಪ್ಪಿಸಲ್ಲ. ನಿನ್ನ ಮಗಳದ್ದೊಂದು ಬಿಟ್ಟು. ಅವಳಿಗೇನು ಬಿಡು, ಸಾವಿರಗಟ್ಲೆ ಜನ ನೋಡ್ತಾರೆ. ಪಾಪ, ಕಮ್ಮಿ ಇರೋ ಮಕ್ಕಳದ್ದು ಹುಡುಕಿ ಹುಡುಕಿ ನೋಡ್ತೀನಿ. ನಮ್ಮ ಮನೇಲಿ ಎಲ್ರಿಗೂ ಹಾಗೇ ಹೇಳಿದೀನಿ.”

ಅವಳದು ಖಾಲಿ ಇದೆ ಅಣ್ಣ ಎಂದರೆ ಮುಗಿಯಿತು, ಅದು ಕೇಳಿದಂತೆ. ಹೇಳದಿದ್ದರೆ ಅವರಿಗೆ ತಿಳಿಯುವುದಿಲ್ಲ. ಆ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಹಾಕಿದವಳು ನಾನೇ. ನಕ್ಕಂತೆ ಮಾಡಿ ಮುಂದಿನ ಮನೆಗೆ ಹೋದೆ. ಅಲ್ಲಿ ಸೊಸೆಗೆ ತಲೆನೋವು. ಅದರಾಚೆ, ಮಗನ ಪರೀಕ್ಷೆ. ಇನ್ನೊಂದರಲ್ಲಿ, ಅಷ್ಟು ಪ್ರಸಿದ್ಧಿಯಾದ ಮೇಲೆ ನಮ್ಮಂಥವರನ್ನೆಲ್ಲ ಕರೆಯುತ್ತೀರಲ್ಲ ಎಂಬ ತಮಾಷೆ. ನೀಲಮ್ಮನ ಮನೆಯ ಮುಂದೆ ಕಾಲು ನಿಂತಿತು. ಅವಳು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಡಬ್ಬಿ ನೋಡಿದಳು, ಅವಳಿಗೆ ಎಲ್ಲವೂ ಅರ್ಥವಾಯಿತು. ಮೊರ ಕೆಳಗಿಟ್ಟು ಎದ್ದು, ಮತ್ತೆ ಕೂತುಬಿಟ್ಟಳು.

“ನಿನ್ನ ಮುಖದಲ್ಲೇ ಕೇಳಿಬಿಟ್ಟೆಯಲ್ಲೇ ಶಾಂಭವಿ” ಎಂದಳು. “ಇನ್ನು ನಾನು ಬಂದು ನೋಡಿದ್ರೂ ಏನು ಬಂತು? ನಡಿ, ಬೇರೆ ಯಾರಾದ್ರೂ ನೋಡು. ಅಳಬೇಡ, ಅತ್ತರೂ ಕೇಳಿದ ಹಾಗೇನೇ.”

ಸೆರಗಿನಿಂದ ಮುಖ ಒರೆಸಿಕೊಂಡು ಮನೆಗೆ ಬಂದೆ. ಗಂಡ ಅಂಗಡಿ ಮುಚ್ಚಿ ಬಂದಿದ್ದರು. ಇಬ್ಬರೂ ಕಟ್ಟೆಯ ಮೇಲೆ ಕೂತೆವು, ಬೀದಿಯನ್ನು ನೋಡುತ್ತ, ಆದರೆ ಕಾಯುತ್ತಿರುವವರಂತೆ ಕಾಣಬಾರದೆಂದು ಏನೇನೋ ಮಾತಾಡುತ್ತ. ಶಾಲೆಯಿಂದ ಬಂದ ಕೌಮುದಿ ಅಂಗಳದಲ್ಲಿ ಕುಂಟೆಬಿಲ್ಲೆ ಆಡತೊಡಗಿದಳು. ಕಡಲೆಕಾಯಿ ಮಾರುವವನ ಸೈಕಲ್ ಬೆಲ್ಲು ಕೇಳಿಸಿತು. ಅವನು ತೋಟಪ್ಪನವರ ಮನೆಯವರೆಗೆ ಬಂದು, ಕೊನೆಯಲ್ಲಿ ಇನ್ನಾರು ಕೊಳ್ಳುತ್ತಾರೆ ಎಂದುಕೊಂಡನೋ ಏನೋ, ಸೈಕಲ್ ತಿರುಗಿಸಿದ. ಗಂಡ ಎದ್ದು ನಿಂತವರು ಕೂಗದೆ ಹಾಗೇ ಕೂತರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಿಸಿಲು ಅಂಗಳ ಬಿಟ್ಟು ಗೋಡೆ ಹತ್ತಿತು. ಗೋಡೆಯಿಂದ ಗೂಡಿಗೆ ಬಂತು. ಆಮೆಯ ಬೆನ್ನು ಕೆಂಪಗೆ ಹೊಳೆಯಿತು. ಇನ್ನು ಸ್ವಲ್ಪ ಹೊತ್ತಿಗೆ ಅದೂ ಹೋಗುತ್ತದೆ.

“ತೆಗೀತೀಯಾ?” ಎಂದರು ಗಂಡ. ಯಾವುದನ್ನು ಎಂದು ನಾನು ಕೇಳಲಿಲ್ಲ.

“ತೆಗೆದ್ರೆ ಅವಳ ಪಾಲಾಗ್ತಾಳೆ ರೀ.”

“ತೆಗೀದಿದ್ರೆ ಯಾರ ಪಾಲಿಗೂ ಇಲ್ಲ. ಮಹಾಂತೂನ ನೋಡಿದೀಯಲ್ಲ.”

ಒಳಗೆ ಓಡಿದೆ. ಗುಪ್ತಪದ ಒತ್ತುವಾಗ ಬೆರಳು ಎರಡು ಸಲ ತಪ್ಪಿತು. ಬೀಗ ತೆಗೆದೆ. ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಅವಳು ಬೇಸತ್ತು ಎದ್ದು ಹೋಗಿದ್ದರೆ? ನನ್ನ ಜೀವಮಾನದಲ್ಲಿ ಯಾವ ದೇವರನ್ನೂ ಬೇಡಿಕೊಳ್ಳದ ಹಾಗೆ, ನಾನು ಶಾಪ ಹಾಕಿದ್ದ ಆ ಕಣ್ಣನ್ನು ಮನಸ್ಸಿನಲ್ಲೇ ಬೇಡಿಕೊಂಡೆ. ಆಮೆಯ ಸಂಖ್ಯೆ ಒಂದು ಹೆಚ್ಚಾಯಿತು. ಬೆಳಗಿನಿಂದ ಮುಚ್ಚಿದ ಬಾಗಿಲಿನ ಮುಂದೆಯೇ ಅವಳು ಕೂತಿದ್ದಳು. ಗೋಡೆಯ ಬಿಸಿಲು ಹೋಗುವವರೆಗೂ ಅವಳು ಕದಲಲಿಲ್ಲ, ನಾನೂ ಕದಲಲಿಲ್ಲ.

ಬೆಳಿಗ್ಗೆ ನಾನು ಎದ್ದು ನೋಡುವಾಗ ಕೌಮುದಿ ಆಗಲೇ ಎದ್ದಿದ್ದಳು. ಎಂದೂ ಇಲ್ಲದವಳು ಹೊದಿಕೆ ಮಡಿಚಿ, ದಿಂಬಿನ ಮೇಲೆ ಒಪ್ಪವಾಗಿ ಇಟ್ಟಿದ್ದಳು. ನನ್ನನ್ನು ಕಂಡು ನಕ್ಕಳು. ಗುರುತು ಸಿಕ್ಕ ನಗೆಯೇ ಅದು, ಅದರಲ್ಲಿ ಅನುಮಾನವಿಲ್ಲ.

“ಆಂಟಿ, ನಂಗೆ ಮನೆಗೆ ಹೋಗ್ಲಿಕ್ಕೆ ಉಂಟು” ಎಂದಳು. “ತುಂಬ ದಿನ ಆಯ್ತಲ್ಲ ಬಂದು. ಅಮ್ಮ ಕಾಯ್ತಾರೆ.”

ಗಂಡ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅವರು ಏನಾದರೂ ಹೇಳುವ ಮೊದಲೇ ನಾನು ಮಾತಾಡಬೇಕಿತ್ತು. “ಕಳಿಸ್ತೀನಿ ಕೂಸೇ. ಮೊದ್ಲು ಬಾ, ಜಡೆ ಹಾಕ್ತೀನಿ” ಎಂದೆ. ಅವಳು ಬಂದು ಬೇರೆ ಮನೆಯ ಮಕ್ಕಳು ಕೂರುವಂತೆ ನನ್ನ ಮುಂದೆ ನೆಟ್ಟಗೆ ಕೂತಳು. ಬೈತಲೆ ತೆಗೆದು ನಿಧಾನವಾಗಿ ಬಾಚಿದೆ. ಸಾರಿಗೆ ಬೆಲ್ಲ ಹಾಕಿ ಊಟಕ್ಕೆ ಬಡಿಸಿದೆ. ಅವಳು ಉಂಡಳು, ಚೆನ್ನಾಗಿ ಉಂಡಳು. ಆಮೇಲೆ ಹೊರಗೆ ಹೋಗಿ, ಸ್ಟೂಲಿನ ಮೇಲೆ ಹತ್ತಿ, ಇವತ್ತೂ ಆ ಕಣ್ಣಿಗೆ ಆಮೆ ಚೆನ್ನಾಗಿ ಕಾಣಲೆಂದು ಸೆರಗಿನ ತುದಿಯಿಂದ ಕ್ಯಾಮೆರಾದ ಗಾಜನ್ನು ಧೂಳಿಲ್ಲದಂತೆ ಒರೆಸಿದೆ.